ಗ್ಯಾರೇಜಿನ ಹುಲಿಗಳನ್ನ ಎಣಿಸೋದು ಹೇಗೆ?

"ಮುಸ್ತಫಾ ಗೇಮ್" ಗೊತ್ತಿಲ್ಲದೋರು ನಮ್ಮ ಹಾಸ್ಟೆಲಿನಲ್ಲಿ ಸಿಗೋದು ಕಷ್ಟ. ಓಡಿ ಬಂದು ಹಾರಿ ಒದೆಯೋ ಆ ಮುಸ್ತಫಾ ಎಷ್ಟು ಫೇಮಸ್ ಅಂದ್ರೆ, ಗೇಮಿನ ನಿಜವಾದ ಹೆಸರು 'ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್' ಅಂತ ಹೇಳಿದರೆ ಅರ್ಧ ಜನ "ಅದ್ಯಾವುದು?" ಅಂತಾರೆ. 1993ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ ಅದನ್ನ ಮಾಡಿದ್ದು ಕಂಪ್ಯೂಟರಿಗಲ್ಲ, ನಾಣ್ಯ ಹಾಕಿ ಆಡೋ ಆರ್ಕೇಡ್ ಯಂತ್ರಕ್ಕೆ. ನಾವು ಆಡಿದ್ದು ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ಬಂದ ಒಂದು ಪುಟ್ಟ ಫೈಲು.

ಆ ಫೈಲು ಎಲ್ಲಿಂದ ಬಂತು? ಕ್ಯಾಪ್‌ಕಾಮ್ ಅದನ್ನ ಯಾರಿಗೂ ಹಂಚಿಲ್ಲ. ಯಾರೋ ಒಬ್ಬರು ಒಂದು ಅಸಲಿ ಬೋರ್ಡನ್ನ ಟೇಬಲ್ ಮೇಲಿಟ್ಟು, ಅದರ ರಾಮ್ ಅಲ್ಲ, ರೋಮ್ ಚಿಪ್ಪುಗಳನ್ನ ಒಂದೊಂದಾಗಿ ಕಿತ್ತು, ರೀಡರಿಗೆ ಹಾಕಿ, ಒಳಗಿರೋ ಬೈಟುಗಳನ್ನ ನಕಲು ಮಾಡಿಕೊಂಡರು. ಇದಕ್ಕೆ 'ಡಂಪ್' ಮಾಡೋದು ಅಂತಾರೆ. ಇಂಥ ಡಂಪುಗಳನ್ನ ನಮ್ಮ ಕಂಪ್ಯೂಟರಿನಲ್ಲಿ ಓಡಿಸೋ ಸಾಫ್ಟ್‌ವೇರು ಮೇಮ್; ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರ ಫೆಬ್ರವರಿಯಲ್ಲಿ ಅದನ್ನ ಮೊದಲು ಬಿಡುಗಡೆ ಮಾಡಿದ್ದು. ಮೇಮ್ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ಆದರೆ ಆ ಅಸಲಿ ಬೋರ್ಡು ಯಾರ ಮನೆಯಲ್ಲಿತ್ತು? ಅಂಥ ಜನ ಎಷ್ಟಿದ್ದಾರೆ? ಈ ಲೇಖನ ಇರೋದು ಆ ಪ್ರಶ್ನೆಯ ಬಗ್ಗೆ. ಪ್ರಶ್ನೆ ಸುಲಭ ಅನ್ಸತ್ತೆ. ಆದರೆ ಇದು ಕಾಡಲ್ಲಿ ಹುಲಿ ಎಣಿಸೋಕಿಂತ ಸ್ವಲ್ಪ ಕಷ್ಟದ ಕೆಲಸ. ಯಾಕೆ ಅಂತ ಮುಂದೆ ನೋಡೋಣ.

ಮೊದಲು ಯಂತ್ರದ ಬಗ್ಗೆ ನಾಲ್ಕು ಮಾತು. 1970ರ ಕೊನೆಯಿಂದ 80ರ ದಶಕದ ತನಕ ಅಮೆರಿಕದಲ್ಲಿ ಈ ಯಂತ್ರಗಳು ಇಲ್ಲದ ಜಾಗವೇ ಇರಲಿಲ್ಲ. ಪಿಜ್ಜಾ ಅಂಗಡಿ, ಬಟ್ಟೆ ಒಗೆಯೋ ಅಂಗಡಿ, ಬಾರು, ಬಸ್ ನಿಲ್ದಾಣ, ಎಲ್ಲಾ ಕಡೆ. ಮಿಸ್ ಪ್ಯಾಕ್‌ಮ್ಯಾನ್ ಒಂದೇ ಒಂದು ಲಕ್ಷಕ್ಕೂ ಹೆಚ್ಚು ತಯಾರಾಯ್ತು. ಆರಡಿ ಎತ್ತರದ ಮರದ ಪೆಟ್ಟಿಗೆ, ಒಳಗೆ ಒಂದು ಸಿಆರ್‌ಟಿ ಪರದೆ, ಒಂದು ಪವರ್ ಸಪ್ಲೈ, ಒಂದು ಸರ್ಕ್ಯೂಟ್ ಬೋರ್ಡು. 1978ರ ಸ್ಪೇಸ್ ಇನ್‌ವೇಡರ್ಸ್ ಓಡಿದ್ದು ಇಂಟೆಲ್ 8080 ಮೇಲೆ, ಅಂದ್ರೆ ಲ್ಯಾಬಿನಲ್ಲಿ ನಾವು ಹೆಕ್ಸ್ ಕೋಡ್ ಒತ್ತಿ ಒತ್ತಿ ಬೆರಳು ಸವೆಸೋ 8085ನ ಸ್ವಂತ ಅಣ್ಣ. ಪ್ಯಾಕ್‌ಮ್ಯಾನಿನೊಳಗೆ ಇದ್ದಿದ್ದು ಜಡ್80.

ಈ ಯಂತ್ರಗಳನ್ನ ಆಡೋರು ಕೊಳ್ಳುತ್ತಿರಲಿಲ್ಲ, ಅಂಗಡಿಯವರೂ ಬಹುಪಾಲು ಕೊಳ್ಳುತ್ತಿರಲಿಲ್ಲ. 'ಆಪರೇಟರ್' ಅನ್ನೋ ಮೂರನೆಯ ಮನುಷ್ಯ ತಂದು ಅಂಗಡಿಯಲ್ಲಿ ನಿಲ್ಲಿಸಿ, ವಾರಕ್ಕೊಮ್ಮೆ ಬಂದು ನಾಣ್ಯ ಬಳಿದುಕೊಂಡು, ಅಂಗಡಿಯವನಿಗೆ ಪಾಲು ಕೊಟ್ಟು ಹೋಗ್ತಿದ್ದ. ಗಲ್ಲಾ ತುಂಬೋದು ನಿಂತ ದಿನ ಯಂತ್ರದ ಕಥೆಯೂ ಮುಗೀತು. ಅದರೊಳಗಿನ ಬೋರ್ಡು ತೆಗೆದು ಹೊಸ ಗೇಮ್ ಹಾಕ್ತಿದ್ದರು, ಇಲ್ಲ ಗೋಡೌನಿಗೆ ನೂಕ್ತಿದ್ದರು, ಇಲ್ಲ ಕೊಡಲಿ ತಗೊಂಡು ಒಡೆದು ಹಾಕ್ತಿದ್ದರು. ನಿಂಟೆಂಡೋದ ಡಾಂಕಿ ಕಾಂಗ್ ಹುಟ್ಟಿದ್ದೇ ಹಾಗೆ. ಅಮೆರಿಕದಲ್ಲಿ ಮಾರಾಟವಾಗದೆ ಉಳಿದ ರೇಡಾರ್ ಸ್ಕೋಪ್ ಯಂತ್ರಗಳಿಗೆ ಹೊಸ ಬೋರ್ಡು ಕೂರಿಸಿ, 1981ರಲ್ಲಿ ಬೇರೆ ಹೆಸರಲ್ಲಿ ಮಾರಿದರು.

80ರ ದಶಕದ ನಡುವೆ ಧಂದೆ ಕುಸಿದಾಗ ಗೋಡೌನುಗಳು ತುಂಬಿಹೋದವು. ಸಂಗ್ರಾಹಕ ಅನ್ನೋ ಪ್ರಾಣಿ ಹುಟ್ಟಿದ್ದು ಆಗ. ಬಾಲ್ಯದಲ್ಲಿ ಯಾವ ಯಂತ್ರಕ್ಕೆ ಪಾಕೆಟ್ ಮನಿ ಎಲ್ಲಾ ಸುರಿದಿದ್ದನೋ ಅದೇ ಯಂತ್ರವನ್ನ ಪುಡಿಗಾಸಿಗೆ ಕೊಂಡು ಮನೆಗೆ ಹೊತ್ತುಕೊಂಡು ಬಂದ. ಅಲ್ಲಿಂದ ಮುಂದೆ ಅದು ಲೋಕದ ಕಣ್ಣಿಂದ ಮಾಯ.

ಮಾಯ ಆಗೋಕೆ ಕಾರಣಗಳಿವೆ. ಬಸ್ಸು ಕಾರು ಇಟ್ಟುಕೊಂಡವರ ಲೆಕ್ಕ ಆರ್‌ಟಿಒ ಹತ್ರ ಇರತ್ತೆ, ಇದಕ್ಕೆ ಯಾವ ನೋಂದಣಿಯೂ ಇಲ್ಲ. ಯಂತ್ರ ಇರೋದು ನೆಲಮಾಳಿಗೆಯಲ್ಲೋ ಗ್ಯಾರೇಜಿನಲ್ಲೋ. ಅಪರೂಪದ್ದು ಇದ್ದವರು ಕಳ್ಳತನದ ಭಯಕ್ಕೆ ಬಾಯಿ ಬಿಡಲ್ಲ. ಯಾವುದೋ ಊರಿನ ಹಳೇ ಗೋಡೌನ್ ಪತ್ತೆ ಮಾಡಿದವನು, ಅದು ಪೂರ್ತಿ ಖಾಲಿ ಆಗೋವರೆಗೆ ಹೆಂಡತಿಗೂ ಹೇಳಲ್ಲ. ಇನ್ನು ಒಂದೇ ಒಂದು ಯಂತ್ರ ಇಟ್ಟುಕೊಂಡವನಂತೂ ತಾನು ಸಂಗ್ರಾಹಕ ಅಂತಲೇ ಅಂದುಕೊಂಡಿರಲ್ಲ. ನಿವೃತ್ತ ಆಪರೇಟರನೂ ಅಷ್ಟೇ. ಇಪ್ಪತ್ತು ಯಂತ್ರ ಶೆಡ್ಡಿನಲ್ಲಿ ಧೂಳು ತಿಂತಾ ನಿಂತಿದ್ದರೂ ಅವನ ಪಾಲಿಗೆ ಅದು ಹಳೇ ಸಾಮಾನು.

ಜಪಾನಿನ ಕಥೆ ಇನ್ನೂ ಗುಪ್ತ. ಅಲ್ಲಿನ ಮನೆಗಳು ಚಿಕ್ಕವು, ಕ್ಯಾಬಿನೆಟ್ ಇಡೋಕೆ ಜಾಗ ಇಲ್ಲ. ಹಾಗಾಗಿ ತುಂಬಾ ಜನ ಬರೀ ಬೋರ್ಡು ಸಂಗ್ರಹಿಸ್ತಾರೆ. 1985ರಲ್ಲಿ ಜಪಾನಿನ ತಯಾರಕರ ಸಂಘ ಜಾಮಾ ಅನ್ನೋ 56 ಪಿನ್ನಿನ ಕನೆಕ್ಟರ್ ಸ್ಟ್ಯಾಂಡರ್ಡ್ ತಂದ ಮೇಲೆ ಯಾವ ಕಂಪನಿಯ ಬೋರ್ಡನ್ನಾದರೂ ಅದೇ ವೈರಿಂಗಿಗೆ ಚುಚ್ಚಬಹುದಾಯ್ತು. ಒಂದೇ ಕ್ಯಾಬಿನೆಟ್, ಕಪಾಟಿನಲ್ಲಿ ನೂರು ಬೋರ್ಡು. ಸೀರೆ ಮಡಚಿಟ್ಟ ಹಾಗೆ ಬಬಲ್ ಕವರಿನಲ್ಲಿ ಸುತ್ತಿ ಇಟ್ಟರೆ ಮನೆಗೆ ಬಂದ ನೆಂಟರಿಗೂ ಗೊತ್ತಾಗಲ್ಲ.

ಕಾಣೋ ಭಾಗ ಇಲ್ಲವೇ ಇಲ್ಲ ಅಂತಲ್ಲ. ಶಿಕಾಗೋ ಹತ್ತಿರದ ಗ್ಯಾಲಪಿಂಗ್ ಗೋಸ್ಟ್ ಆರ್ಕೇಡ್‌ನಲ್ಲಿ 900ಕ್ಕೂ ಹೆಚ್ಚು ಗೇಮುಗಳಿವೆ. ನ್ಯೂ ಹ್ಯಾಂಪ್‌ಶೈರಿನ ಫನ್‌ಸ್ಪಾಟ್‌ನಲ್ಲಿ ಒಂದು ಮ್ಯೂಸಿಯಮ್ಮೇ ಇದೆ. ಕ್ಯಾಲಿಫೋರ್ನಿಯಾ ಎಕ್ಸ್‌ಟ್ರೀಮ್ ಅನ್ನೋ ಮೇಳ 1997ರಿಂದ ನಡೀತಾ ಬಂದಿದೆ. ಅಲ್ಲಿಗೆ ಸಂಗ್ರಾಹಕರು ತಮ್ಮ ಯಂತ್ರಗಳನ್ನ ತಾವೇ ಟ್ರಕ್ಕಿನಲ್ಲಿ ತಂದು ನಿಲ್ಲಿಸ್ತಾರೆ, ನಾಣ್ಯ ಹಾಕೋ ಹಾಗಿಲ್ಲ, ಎಷ್ಟು ಬೇಕಾದ್ರೂ ಆಡಿ. ವಾರಾಂತ್ಯ ಮುಗಿದ ಕೂಡಲೇ ಯಂತ್ರಗಳೆಲ್ಲಾ ಮತ್ತೆ ಗ್ಯಾರೇಜಿಗೆ.

ಬಚ್ಚಿಟ್ಟದ್ದು ಎಷ್ಟು ದೊಡ್ಡದಿರಬಹುದು ಅನ್ನೋಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಇಂಗ್ಲೆಂಡಿನ ಪಕ್ಕದ ವೇಲ್ಸಿನದು. ಅಲ್ಲಿನ ಉತ್ತರ ಕರಾವಳಿಯಲ್ಲಿ 'ಡ್ಯೂಕ್ ಆಫ್ ಲ್ಯಾಂಕಾಸ್ಟರ್' ಅನ್ನೋ ಹಳೇ ಪ್ರಯಾಣಿಕರ ಹಡಗು 1979ರಿಂದ ದಡಕ್ಕೆ ಬಿದ್ದಿದೆ. ಸ್ವಲ್ಪ ಕಾಲ ಅದನ್ನ 'ಫನ್ ಶಿಪ್' ಅಂತ ಮನರಂಜನೆಗೆ ಬಳಸಿದರು, ಒಳಗೆ ಆರ್ಕೇಡ್ ಇತ್ತು. 80ರ ದಶಕದಲ್ಲಿ ಅದೂ ಮುಚ್ಚಿತು. ಯಂತ್ರಗಳು ಒಳಗೇ ಉಳಿದವು. ರಸ್ತೆಯಲ್ಲಿ ಹೋಗೋರಿಗೆಲ್ಲಾ ಹಡಗು ಕಾಣಿಸ್ತಿತ್ತು, ಒಳಗೆ ಏನಿದೆ ಅಂತ ಯಾರಿಗೂ ಹೊಳೀಲಿಲ್ಲ. 2010ರ ನಂತರ ಬ್ರಿಟನ್ನಿನ ಕೆಲವು ಸಂಗ್ರಾಹಕರು ಮಾಲೀಕರ ಜೊತೆ ಮಾತಾಡಿ ಒಳಗೆ ಹೋದರೆ, ಸಾಲು ಸಾಲು ಯಂತ್ರ! ಯಾವ ಪಟ್ಟಿಯಲ್ಲೂ ಇರದಿದ್ದ ಯಂತ್ರಗಳು ಒಂದೇ ಏಟಿಗೆ ಲೆಕ್ಕಕ್ಕೆ ಸೇರಿದವು.

ಇನ್ನೊಂದು ಉದಾಹರಣೆ 'ಅಕ್ಕಾ ಆರ್'. (ಕನ್ನಡದ ಅಕ್ಕನಿಗೂ ಇದಕ್ಕೂ ಸಂಬಂಧ ಇಲ್ಲ.) ಅಟಾರಿ 1982ರಲ್ಲಿ ಮಾಡಿ, ಪರೀಕ್ಷೆಯಲ್ಲಿ ಜನ ಮೆಚ್ಚಲಿಲ್ಲ ಅಂತ ಬಿಡುಗಡೆ ಮಾಡದೆ ಬಿಟ್ಟ ಗೇಮು. ಲೋಕಕ್ಕೆ ಗೊತ್ತಿದ್ದಿದ್ದು ಮೂರೇ ಮೂರು ಯಂತ್ರ, ಮೂರೂ ಖಾಸಗಿ ಸಂಗ್ರಹದಲ್ಲಿ. ದಶಕಗಟ್ಟಲೆ ಯಾರಿಗೂ ಡಂಪ್ ಸಿಗಲಿಲ್ಲ. 2019ರಲ್ಲಿ ಇದ್ದಕ್ಕಿದ್ದ ಹಾಗೆ ಅದರ ರೋಮ್ ಹೊರಗೆ ಬಂತು. ಹೇಗೆ ಬಂತು ಅನ್ನೋದಕ್ಕೆ ಹತ್ತು ಜನ ಹತ್ತು ಕಥೆ ಹೇಳಿದರು. 2022ರಲ್ಲಿ ಅಟಾರಿಯೇ ತನ್ನ 50ನೇ ವರ್ಷದ ಸಂಕಲನದಲ್ಲಿ ಅದನ್ನ ಸೇರಿಸಿತು. "ಮೂರು ಇದೆ" ಅನ್ನೋ ಮಾತನ್ನ ಗಮನಿಸಿ. ಅದರ ನಿಜವಾದ ಅರ್ಥ "ಮೂರು ಕಂಡಿದೆ" ಅಂತ ಅಷ್ಟೇ.

ಸರಿ, ಎಣಿಸೋದು ಹೇಗೆ?

ಸಂಗ್ರಾಹಕರು ತಾವೇ ಒಂದು ಗಣತಿ ನಡೆಸ್ತಾರೆ. 'ಕಿಲ್ಲರ್ ಲಿಸ್ಟ್ ಆಫ್ ವಿಡಿಯೋ ಗೇಮ್ಸ್' ಅನ್ನೋ ದೊಡ್ಡ ಸೂಚಿಯ ಜೊತೆಗೆ ಇದು ಬೆಳೆದು ಬಂತು. ನಿಮ್ಮ ಹತ್ರ ಏನೇನಿದೆ, ಏನು ಬೇಕು ಅಂತ ನೀವೇ ಬರೆಸಬೇಕು. ಎಷ್ಟು ಜನ ಬರೆಸಿದ್ದಾರೆ ಅನ್ನೋದರ ಮೇಲೆ ಯಾವ ಗೇಮು ಮಾಮೂಲಿ, ಯಾವುದು ಅಪರೂಪ ಅಂತ ಅಂದಾಜು. ಒಳ್ಳೆ ಕೆಲಸವೇ. ಆದರೆ ಕ್ಲಾಸಿಗೆ ಬಂದವರನ್ನ ಮಾತ್ರ ಎಣಿಸಿ ಸೆಕ್ಷನ್ ಸ್ಟ್ರೆಂತ್ ಹೇಳಿದ ಹಾಗೆ ಇದು. ಶುಕ್ರವಾರ ಮಧ್ಯಾಹ್ನದ ಕ್ಲಾಸಿನ ಅಟೆಂಡೆನ್ಸ್ ನೋಡಿದವರಿಗೆ ಈ ಮಾತಿನ ಅರ್ಥ ವಿವರಿಸಬೇಕಿಲ್ಲ.

ಇಲ್ಲಿ ಹುಲಿ ನೆರವಿಗೆ ಬರತ್ತೆ. ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟು ಹುಲಿಗಳ ಸಂಖ್ಯೆ ಅಂದಾಜು ಮಾಡೋ ವಿಧಾನವನ್ನ ಉಲ್ಲಾಸ ಕಾರಂತರು 1995ರಲ್ಲಿ ಪ್ರಕಟಿಸಿದರು. (ಅವರು ಮೊದಲು ಓದಿದ್ದು ಸುರತ್ಕಲ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್! ಬ್ರಾಂಚ್ ಚೇಂಜ್ ಅಂದ್ರೆ ಇದು.) ಪ್ರತಿ ಹುಲಿಯ ಪಟ್ಟೆಯೂ ಬೇರೆ, ಹಾಗಾಗಿ ಫೋಟೋ ನೋಡಿದರೆ ಇದು ಹಳೇ ಹುಲಿಯೋ ಹೊಸದೋ ಗೊತ್ತಾಗತ್ತೆ. ಮೊದಲ ಸುತ್ತಿನಲ್ಲಿ ಕಂಡ ಹುಲಿಗಳಲ್ಲಿ ಎಷ್ಟು ಎರಡನೇ ಸುತ್ತಿನಲ್ಲೂ ಕಂಡವು ಅನ್ನೋದರಿಂದ, ಕಾಣದೆ ಉಳಿದವು ಎಷ್ಟು ಅಂತ ಲೆಕ್ಕ ಹಾಕ್ತಾರೆ. ಇದೇ ತರ್ಕದ ಹಳೇ ರೂಪವನ್ನ ಫ್ರಾನ್ಸಿನ ಜನಸಂಖ್ಯೆ ಅಂದಾಜಿಗೆ ಬಳಸಿದ್ದು ಬೇರೆ ಯಾರೂ ಅಲ್ಲ, ಟ್ರಾನ್ಸ್‌ಫಾರ್ಮ್ ಹೆಸರಲ್ಲಿ ನಮ್ಮನ್ನ ಕಾಡೋ ಅದೇ ಲಾಪ್ಲಾಸ್.

ಆರ್ಕೇಡ್ ಯಂತ್ರಕ್ಕೆ ಪಟ್ಟೆ ಇಲ್ಲ, ಆದರೆ ಬೆನ್ನ ಮೇಲೆ ಸೀರಿಯಲ್ ನಂಬರ್ ಇರತ್ತೆ. ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಯಾವುದೋ ಒಂದು ಗೇಮಿನ 200 ಯಂತ್ರಗಳ ನಂಬರು ಗಣತಿ ಪಟ್ಟಿಯಲ್ಲಿದೆ ಅಂದುಕೊಳ್ಳಿ. ಬೇರೆ ಯಾರೋ ಮಾರಾಟಕ್ಕೆ ಬಂದ ಯಂತ್ರಗಳ ಫೋಟೋ ನೋಡಿ 150 ನಂಬರು ಬರೆದಿಟ್ಟಿದ್ದಾರೆ. ಎರಡರಲ್ಲೂ ಇರೋದು 30. ಅಂದ್ರೆ ಎರಡನೇ ಪಟ್ಟಿಯ ಐದರಲ್ಲೊಂದು ಮಾತ್ರ ಮೊದಲ ಪಟ್ಟಿಯಲ್ಲಿದೆ. ಹಾಗಾದರೆ ಮೊದಲ ಪಟ್ಟಿ ಹಿಡಿದಿರೋದೂ ಒಟ್ಟು ಯಂತ್ರಗಳ ಐದರಲ್ಲೊಂದು ಭಾಗ ಇರಬೇಕು. 200ನ್ನ ಐದರಿಂದ ಗುಣಿಸಿ, ಸಾವಿರ. ಎರಡೂ ಪಟ್ಟಿ ಸೇರಿಸಿದರೆ ನಮಗೆ ಗೊತ್ತಿರೋದು 320, ಕತ್ತಲಲ್ಲಿರೋದು 680. ನಿಜವಾಗಿ ಬಳಸುವಾಗ ಸೂತ್ರಕ್ಕೆ ಸಣ್ಣ ತಿದ್ದುಪಡಿ ಇದೆ, ಪ್ರತಿ ಸಂಖ್ಯೆಗೂ ಒಂದು ಕೂಡಿಸಿ, ಲೆಕ್ಕ ಮಾಡಿ, ಕೊನೆಗೆ ಒಂದು ಕಳೀತಾರೆ. ಆಗ ಉತ್ತರ 978. ದೊಡ್ಡ ವ್ಯತ್ಯಾಸ ಏನಿಲ್ಲ.

ಆದರೆ ಈ ಉತ್ತರವನ್ನ ಪೂರ್ತಿ ನಂಬಬೇಡಿ. ಲೆಕ್ಕದ ಬುಡದಲ್ಲಿ ಒಂದು ಷರತ್ತಿದೆ. ಎರಡು ಪಟ್ಟಿಗಳು ಒಂದಕ್ಕೊಂದು ಸಂಬಂಧ ಇಲ್ಲದ ಹಾಗೆ ತಯಾರಾಗಿರಬೇಕು, ಮತ್ತೆ ಪ್ರತಿ ಯಂತ್ರಕ್ಕೂ ಸಿಕ್ಕಿಬೀಳೋ ಅವಕಾಶ ಒಂದೇ ಇರಬೇಕು. ಸಂಗ್ರಾಹಕರ ವಿಷಯದಲ್ಲಿ ಎರಡೂ ಸುಳ್ಳು. ಗಣತಿಗೆ ಹೆಸರು ಕೊಡೋ ಉತ್ಸಾಹಿಯೇ ಮೇಳಕ್ಕೂ ಹೋಗ್ತಾನೆ, ಅವನೇ ಕೊಳ್ತಾನೆ, ಅವನೇ ಮಾರ್ತಾನೆ. ಹಾಗಾಗಿ ಎರಡೂ ಪಟ್ಟಿಯಲ್ಲಿ ಮತ್ತೆ ಮತ್ತೆ ಅವನೇ. ಹೊಂದಿಕೆ ಜಾಸ್ತಿ ಕಂಡಷ್ಟೂ ಸೂತ್ರ "ಓ, ಒಟ್ಟು ಕಮ್ಮಿ ಇದೆ" ಅಂತ ಹೇಳತ್ತೆ. ಕಾಡಿನ ಹುಲಿಯಲ್ಲೂ ಈ ತೊಂದರೆ ಇದೆ, ಕೆಲವು ಹುಲಿ ದಾರಿಯಲ್ಲಿ ರಾಜಾರೋಷವಾಗಿ ಓಡಾಡತ್ತೆ, ಕೆಲವು ಪೊದೆ ಬಿಟ್ಟು ಬರಲ್ಲ. ಅದಕ್ಕೆ ಬೇರೆ ಮಾದರಿಗಳನ್ನ ಬಳಸ್ತಾರೆ. ಆದರೆ ಹುಲಿ ನೀರಿಗಾದರೂ ಹೊರಗೆ ಬರಬೇಕು. ಹಡಗಿನೊಳಗೆ ಬೀಗ ಹಾಕಿದ ಯಂತ್ರ ಹೊರಗೆ ಬರೋ ಸಾಧ್ಯತೆ ಸೊನ್ನೆ. ಸಾಧ್ಯತೆ ಸೊನ್ನೆ ಇರೋದನ್ನ ಯಾವ ಸೂತ್ರವೂ ಹಿಡಿಯಲ್ಲ. ಆದ್ದರಿಂದ ಈ ವಿಧಾನದಲ್ಲಿ ಬರೋ ಸಂಖ್ಯೆಯನ್ನ "ಕನಿಷ್ಠ ಇಷ್ಟು" ಅಂತ ಓದಿಕೊಳ್ಳೋದು ಕ್ಷೇಮ.

ಸೀರಿಯಲ್ ನಂಬರಿನಿಂದ ಇನ್ನೊಂದು ಉಪಯೋಗ ಇದೆ. ಎರಡನೇ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳವರು ಸಿಕ್ಕ ಜರ್ಮನ್ ಟ್ಯಾಂಕುಗಳ ನಂಬರು ನೋಡಿ ತಿಂಗಳಿಗೆ ಎಷ್ಟು ಟ್ಯಾಂಕು ತಯಾರಾಗ್ತಿದೆ ಅಂತ ಅಂದಾಜು ಮಾಡಿದರು. ಕಂಡ ಅತಿ ದೊಡ್ಡ ನಂಬರನ್ನ, ಕಂಡ ಒಟ್ಟು ಟ್ಯಾಂಕುಗಳಿಂದ ಭಾಗಿಸಿ, ಅದನ್ನ ಅದೇ ದೊಡ್ಡ ನಂಬರಿಗೆ ಕೂಡಿಸಿ, ಒಂದು ಕಳೆದರೆ ಆಯ್ತು. 1942ರ ಆಗಸ್ಟ್‌ಗೆ ಗೂಢಚಾರರ ಅಂದಾಜು 1550. ಸಂಖ್ಯಾಶಾಸ್ತ್ರದವರ ಅಂದಾಜು 327. ಯುದ್ಧ ಮುಗಿದ ಮೇಲೆ ಜರ್ಮನ್ ದಾಖಲೆಯಲ್ಲಿ ಸಿಕ್ಕಿದ್ದು 342! ಇದೇ ಉಪಾಯದಿಂದ, ದಾಖಲೆ ಕಳೆದುಹೋದ ಕಂಪನಿಯ ಗೇಮು ಎಷ್ಟು ತಯಾರಾಗಿತ್ತು ಅಂತ ಅಂದಾಜು ಮಾಡಬಹುದು. ಹತ್ತು ಯಂತ್ರ ಕಂಡಿದ್ದೀರಿ, ದೊಡ್ಡ ನಂಬರು 4800 ಅಂದ್ರೆ, ಸುಮಾರು 5279 ತಯಾರಾಗಿರಬೇಕು. ನಂಬರು ಒಂದರಿಂದಲೇ ಶುರುವಾಗಿರಬೇಕು, ನಡುವೆ ಹಾರಿಸಿರಬಾರದು. ಇದು ಹುಟ್ಟಿದ್ದರ ಲೆಕ್ಕ, ಬದುಕಿರೋದರ ಲೆಕ್ಕ ಅಲ್ಲ ಅನ್ನೋದೂ ನೆನಪಿರಲಿ.

ಇಷ್ಟೆಲ್ಲಾ ಮಾಡಿದರೂ ಸಿಗೋದು ಯಂತ್ರಗಳ ಸಂಖ್ಯೆ, ಜನರದ್ದಲ್ಲ. ಯಂತ್ರದಿಂದ ಜನಕ್ಕೆ ಹೋಗೋಕೆ ಸರಾಸರಿಯಿಂದ ಭಾಗಿಸೋಣ ಅಂದ್ರೆ, ಒಬ್ಬನ ಹತ್ರ ಒಂದು, ಇನ್ನೊಬ್ಬನ ಹತ್ರ ಇನ್ನೂರು. ಇಂಥ ಹಂಚಿಕೆಯಲ್ಲಿ ಸರಾಸರಿ ಅನ್ನೋದು ಯಾರನ್ನೂ ಪ್ರತಿನಿಧಿಸಲ್ಲ. ನನ್ನ ಅಭಿಪ್ರಾಯ ಕೇಳಿದರೆ ಸಮುದಾಯದ ಬಹುಪಾಲು ಜನ ಇರೋದು ಆ 'ಒಂದೇ ಯಂತ್ರ'ದವರಲ್ಲಿ, ಮತ್ತು ಎಲ್ಲಾ ಲೆಕ್ಕದಿಂದಲೂ ಜಾರಿಹೋಗೋರು ಅವರೇ.

"ಸಾಕು ಗುರೂ, ಎಷ್ಟಿದ್ರೆ ನಮಗೇನು?" ಅನ್ನಬಹುದು. ವಿಷಯ ಇರೋದೇ ಇಲ್ಲಿ. ಈ ಯಂತ್ರಗಳು ಸಾಯ್ತಾ ಇವೆ, ಗಡಿಯಾರದ ಮುಳ್ಳಿನ ಹಾಗೆ.

ಮುಸ್ತಫಾ ಗೇಮಿನ ಬೋರ್ಡನ್ನೇ ತಗೊಳ್ಳಿ. ಕಾಪಿ ತಡೆಯೋಕೆ ಕ್ಯಾಪ್‌ಕಾಮ್ ಅದರಲ್ಲಿ ಒಂದು ಬ್ಯಾಟರಿ ಇಟ್ಟಿತು. ಅದೇ ವರ್ಷ ಬಂದ ಸಿಪಿಎಸ್-2 ಬೋರ್ಡುಗಳಲ್ಲಿ ಈ ಉಪಾಯ ಇನ್ನೂ ಬಿಗಿ. ಪ್ರೋಗ್ರಾಮ್ ಎನ್‌ಕ್ರಿಪ್ಟ್ ಆಗಿರತ್ತೆ, ಅದನ್ನ ಬಿಡಿಸೋ ಕೀ ಇರೋದು ಬ್ಯಾಟರಿಯಿಂದ ಜೀವ ಹಿಡಿದಿರೋ ಪುಟ್ಟ ಮೆಮೊರಿಯಲ್ಲಿ. ಬ್ಯಾಟರಿ ಖಾಲಿಯಾದ ಕ್ಷಣ ಕೀ ಅಳಿಸಿಹೋಗತ್ತೆ. ಆಮೇಲೆ ಆನ್ ಮಾಡಿದರೆ ಪರದೆ ತುಂಬಾ ಒಂದೇ ಬಣ್ಣ. ಸಂಗ್ರಾಹಕರು ಇದನ್ನ 'ಸೂಸೈಡ್ ಬ್ಯಾಟರಿ' ಅಂತ ಕರೀತಾರೆ. 2007ರಲ್ಲಿ ಸಿಪಿಎಸ್-2ರ ಎನ್‌ಕ್ರಿಪ್ಷನ್ ವಿಧಾನವನ್ನ ಹವ್ಯಾಸಿಗಳು ಪೂರ್ತಿ ಬಿಡಿಸಿದರು, ಅದರಲ್ಲಿ ಮೇಮ್‌ನ ಸಾಲ್ಮೋರಿಯಾ ಕೂಡ ಇದ್ದರು. ಈಗ ಸತ್ತ ಬೋರ್ಡಿಗೆ ಕೀಯನ್ನ ಮತ್ತೆ ಬರೆದು ಎಬ್ಬಿಸಬಹುದು. ಔಷಧಿ ಇದೆ. ಆದರೆ ಯಾವ ಪಟ್ಟಿಯಲ್ಲೂ ಇಲ್ಲದ ಮನುಷ್ಯನಿಗೆ ಔಷಧಿ ಇದೆ ಅಂತ ಹೇಳೋರು ಯಾರು? ಅವನ ಪಾಲಿಗೆ ಬೋರ್ಡು ಕೆಟ್ಟಿದೆ, ಮುಂದಿನ ಸಲ ಮನೆ ಖಾಲಿ ಮಾಡುವಾಗ ಗುಜರಿಗೆ.

ಉಳಿದ ಭಾಗಗಳದ್ದೂ ಇದೇ ಪಾಡು. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಒಣಗತ್ತೆ; ಅದು ಸಿಗತ್ತೆ, ಬದಲಾಯಿಸಬಹುದು. ಈಪ್ರಾಮ್‌ನಲ್ಲಿ ಹಿಡಿದಿಟ್ಟ ಚಾರ್ಜ್ ನಿಧಾನಕ್ಕೆ ಸೋರಿ ಬಿಟ್ಟುಗಳು ಕೊಳೆಯತ್ತೆ. ಡಂಪ್ ಇದ್ದರೆ ಮತ್ತೆ ಬರೆಯಬಹುದು, ಇಲ್ಲದಿದ್ದರೆ ಆ ಗೇಮಿಗೆ ಎಳ್ಳುನೀರು. ಜಡ್80ಗೂ ಜೈಲಾಗ್ ಕಂಪನಿ 2024ರ ಜೂನ್‌ನಲ್ಲಿ ಕೊನೆಯ ಆರ್ಡರ್ ತಗೊಂಡು ಬಾಗಿಲು ಹಾಕಿತು. ದೊಡ್ಡ ಸಿಆರ್‌ಟಿ ಟ್ಯೂಬಂತೂ ಈಗ ಹೊಸದು ಸಿಗಲ್ಲ. ನಿಂತುಹೋದ ಕಸ್ಟಮ್ ಚಿಪ್ಪುಗಳ ಬದಲಿಗೆ ಎಫ್‌ಪಿಜಿಎ ಹಾಕಿ ಹೊಸದು ಮಾಡೋ ಜಾಣರಿದ್ದಾರೆ. ಆದರೆ ಅವರೂ ಎಷ್ಟು ಪೀಸ್ ಮಾಡಬೇಕು ಅಂತ ನಿರ್ಧರಿಸೋದು ಕಣ್ಣಿಗೆ ಕಾಣೋ ಗಿರಾಕಿಗಳನ್ನ ನೋಡಿ. 40 ಜನ ಕಂಡರೆ "ಬೇಡ ಬಿಡಿ, ಮೋಲ್ಡಿನ ಖರ್ಚೂ ಹುಟ್ಟಲ್ಲ" ಅಂತಾರೆ. ಕತ್ತಲಲ್ಲಿ ಇನ್ನು 400 ಜನ ಅದೇ ಭಾಗಕ್ಕೆ ಕಾಯ್ತಾ ಇರಬಹುದು. ಪ್ರಾಜೆಕ್ಟಿಗೆ ಪಿಸಿಬಿ ಮಾಡಿಸಿದವರಿಗೆ ಐದು ಪೀಸಿನ ರೇಟಿಗೂ ಐನೂರು ಪೀಸಿನ ರೇಟಿಗೂ ಇರೋ ಅಂತರ ಗೊತ್ತಿರತ್ತೆ.

ನಮ್ಮ ಊರಿನ ಮಾತಿಗೆ ಬರೋಣ. 90ರ ದಶಕದಲ್ಲಿ ನಮ್ಮ ನಗರಗಳಲ್ಲೂ ವಿಡಿಯೋ ಗೇಮ್ ಪಾರ್ಲರುಗಳಿದ್ದವು, ಒಂದು ಕಾಯಿನ್‌ಗೆ ಒಂದು ಆಟ. ಅವು ಮುಚ್ಚಿದ ಮೇಲೆ ಬೋರ್ಡುಗಳು ಏನಾದವು ಅಂತ ಬರೆದಿಟ್ಟವರಿಲ್ಲ. ನಿಮ್ಮ ಚಿಕ್ಕಪ್ಪನೋ ಮಾವನೋ ಅಂಥ ಪಾರ್ಲರ್ ನಡೆಸಿದ್ದರೆ, ಈ ರಜೆಯಲ್ಲಿ ಅಟ್ಟ ಹತ್ತಿ ನೋಡಿ. ಬೋರ್ಡು ಸಿಕ್ಕರೆ ಎರಡೂ ಬದಿಯ ಫೋಟೋ ತೆಗೀರಿ, ಚಿಪ್ಪಿನ ಮೇಲಿನ ಸ್ಟಿಕರ್ ಕೀಳಬೇಡಿ. ಅದರ ಕೆಳಗಿನ ಕಿಟಕಿಗೆ ಬಿಸಿಲು ತಾಗಿದರೆ ಡೇಟಾ ಅಳಿಸಿಹೋಗತ್ತೆ. ಬ್ಯಾಟರಿ ಕಂಡ ಕೂಡಲೇ ಕಿತ್ತು ಹಾಕೋ ಆತುರ ಬೇಡ, ಮೊದಲು ಯಾವ ಬೋರ್ಡು ಅಂತ ಪತ್ತೆ ಮಾಡಿ. ಐದು ವೋಲ್ಟ್ ಸರಿಯಾಗಿ ಬರ್ತಿದೆಯಾ ಅಂತ ಮಲ್ಟಿಮೀಟರಿನಲ್ಲಿ ನೋಡದೆ ಪವರ್ ಕೊಡಬೇಡಿ. ಈಪ್ರಾಮ್ ಓದೋ ಪ್ರೋಗ್ರಾಮರ್ ನಮ್ಮ ಇಸಿ ಲ್ಯಾಬಿನ ಬೀರುವಿನಲ್ಲಿ ಇದ್ದರೂ ಇರಬಹುದು, ಇಲ್ಲ ಅಂದ್ರೆ ಎಸ್‌ಪಿ ರೋಡ್ ಇದ್ದೇ ಇದೆ. ಓದಿದ ಫೈಲನ್ನ ಮೇಮ್ ಪಟ್ಟಿಯ ಚೆಕ್‌ಸಮ್ ಜೊತೆ ಹೋಲಿಸಿ. ತಾಳೆಯಾದರೆ ಇನ್ನೊಂದು ಹುಲಿ ಎರಡನೇ ಸಲ ಕ್ಯಾಮೆರಾಕ್ಕೆ ಬಿತ್ತು. ತಾಳೆಯಾಗದಿದ್ದರೆ ಫೈಲನ್ನ ಮೂರು ಕಡೆ ಬ್ಯಾಕಪ್ ಇಟ್ಟು ಕ್ಲಬ್ಬಿಗೆ ಬಂದು ಹೇಳಿ.